ಬಾಲ್-ಜಾಯಿಂಟ್ ಗೊಂಬೆಗೆ ಎಲಾಸ್ಟಿಕ್ ಬದಲಿಸಲು ಯಾವ ಸಲಕರಣೆ ಬೇಕು, ಯಾವುದು ದಂಡ?

ಗಾಜುಕಣ್ಣು, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಎರಡು ರೆಸಿನ್ (ಗಟ್ಟಿ ಪ್ಲಾಸ್ಟಿಕ್‌ನಂಥ ವಸ್ತು) ಗೊಂಬೆಗಳಿವೆ. ತಲೆ, ಕೈಕಾಲು ಗುಂಡು ಕೀಲುಗಳಲ್ಲಿ ಕೂತಿರುತ್ತವೆ, ಒಳಗೆ ಹಾಯುವ ಎಲಾಸ್ಟಿಕ್ ಅವನ್ನು ಹಿಡಿದಿಡುತ್ತದೆ. ಒಂದು ಎಸ್‌ಡಿ (ಸೂಪರ್ ಡಾಲ್ಫಿ) ಎನ್ನುವ ದೊಡ್ಡ ಗಾತ್ರದ್ದು, ಹತ್ತಿರ ಹತ್ತಿರ 60 ಸೆಂ.ಮೀ. ಇನ್ನೊಂದು ಅಂಗೈ ಮೇಲೆ ಕೂರುವ ಪುಟಾಣಿ. ಎರಡೂ ಸೆಕೆಂಡ್ ಹ್ಯಾಂಡ್. ದೊಡ್ಡದರ ಒಳಗಿನ ಎಲಾಸ್ಟಿಕ್ ಪೂರ್ತಿ ಸಡಿಲ ಬಿದ್ದಿದೆ. ನಿಲ್ಲಿಸಿದರೆ ಮಂಡಿ ಮಡಚಿ ಕುಸಿಯುತ್ತದೆ, ತಲೆ ಒಂದು ಪಕ್ಕಕ್ಕೆ ವಾಲುತ್ತದೆ. ಹೊಸ ಎಲಾಸ್ಟಿಕ್ ತರಿಸಿಟ್ಟಿದ್ದೇನೆ. ದೊಡ್ಡದಕ್ಕೆ 4 ಮಿ.ಮೀ., ಪುಟಾಣಿಗೆ 1.5 ಮಿ.ಮೀ.

ಈಗ ಪ್ರಶ್ನೆ ಸಲಕರಣೆಯದ್ದು. ಆನ್‌ಲೈನ್‌ನಲ್ಲಿ ಇದಕ್ಕೇ ಅಂತ ಕಿಟ್ ಮಾರುತ್ತಾರೆ. ಹಿಡಿ ಇರುವ ಉದ್ದನೆಯ ಕೊಕ್ಕೆ, ಎರಡು ಮೂರು ತಂತಿ, ಒಂದು ಫೋರ್ಸೆಪ್ಸ್ (ಹಿಡಿದರೆ ಲಾಕ್ ಆಗುವ ಇಕ್ಕಳ), ಜೊತೆಗೆ ಒಂದಷ್ಟು ಎಸ್ ಕೊಕ್ಕೆ (ಪಾದ, ತಲೆಯನ್ನು ಎಲಾಸ್ಟಿಕ್‌ಗೆ ಸಿಕ್ಕಿಸುವ S ಆಕಾರದ ಕೊಕ್ಕೆ). ಹೊರದೇಶದಿಂದ ಬರಬೇಕು. ಆಟಿಕೆ ಬಿಡಿಭಾಗ ಎಂದು ಲೆಕ್ಕ ಹಾಕಿದರೆ ಕಸ್ಟಮ್ಸ್ ಸುಂಕ ಬೇರೆ. ಕ್ರೋಶೆ ಕಡ್ಡಿ ಸಾಕು ಎನ್ನುವವರಿದ್ದಾರೆ. ಫೋರ್ಸೆಪ್ಸ್ ಇಲ್ಲದೆ ಮುಟ್ಟಲೇಬೇಡಿ ಎನ್ನುವವರೂ ಇದ್ದಾರೆ. ಇಲ್ಲೇ ಸಿಗುವುದರಲ್ಲಿ ಕೆಲಸ ಆಗುತ್ತದಾ?

ಎಳೆದುಕಟ್ಟು, ಮೈಸೂರು

ಕಿಟ್ ಬೇಡ. ಸುಂಕದ ಮಾತು ನಿಜ. ಆಟಿಕೆಗಳ ಆಮದು ಸುಂಕ 2020ರ ಬಜೆಟ್‌ನಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ಒಂದು ತಂತಿ, ಒಂದು ಕೊಕ್ಕೆಗೆ ಅಷ್ಟು ಕೊಡುವುದೇಕೆ?

ಮೊದಲು ಕೆಲಸವನ್ನು ಬಿಡಿಸಿ ನೋಡಿ. ಎಲಾಸ್ಟಿಕ್ ಹಾಕುವುದು ಅಂದರೆ ಒಂದು ಕೆಲಸವಲ್ಲ, ಮೂರು. ಪೋಣಿಸಬೇಕು, ಎಳೆಯಬೇಕು, ಎಳೆದದ್ದನ್ನು ಹಿಡಿದು ನಿಲ್ಲಿಸಬೇಕು. ಪೋಣಿಸುವುದಕ್ಕೆ ತೆಳ್ಳಗಿನ ಏನಾದರೂ ಆಗುತ್ತದೆ. ಎಳೆಯುವುದಕ್ಕೆ ಜಾರದ, ಹರಿಯದ ಏನಾದರೂ ಬೇಕು. ಜನ ಸೋಲುವುದು ಮೂರನೆಯದರಲ್ಲಿ. ಒಂದು ಕೈ ಮೊಣಕಾಲಿನ ಭಾಗ ಹಿಡಿದಿರುತ್ತದೆ, ಇನ್ನೊಂದು ಕೈ ಎಲಾಸ್ಟಿಕ್ ಎಳೆದಿರುತ್ತದೆ, ಪಾದವನ್ನು ಕೊಕ್ಕೆಗೆ ಸಿಕ್ಕಿಸಲು ಮೂರನೆಯ ಕೈ ಇರುವುದಿಲ್ಲ. ದುಡ್ಡು ಹಾಕುವುದಾದರೆ ಆ ಮೂರನೆಯ ಕೈಗೆ ಹಾಕಿ. ಉಳಿದದ್ದು ಮನೆಯಲ್ಲೇ ಸಿಗುತ್ತದೆ.

ಇನ್ನೊಂದು ನಿಯಮ, ಇದನ್ನು ಮಾತ್ರ ಮೀರಬೇಡಿ. ರೆಸಿನ್‌ಗೆ ತಾಗುವ ಯಾವುದೇ ವಸ್ತು ರೆಸಿನ್‌ಗಿಂತ ಮೆತ್ತಗಿರಬೇಕು. ಪಾಲಿಯುರೆಥೇನ್ ರೆಸಿನ್ ನೋಡಲು ಕಲ್ಲಿನ ಹಾಗಿದ್ದರೂ ಕೀಲಿನ ಅಂಚು ತೆಳ್ಳಗಿರುತ್ತದೆ. ಉಕ್ಕು ತಾಗಿದರೆ ಚಕ್ಕೆ ಏಳುತ್ತದೆ. ಆ ಚಕ್ಕೆ ಸರಿಯಾಗಿ ಕಾಣುವ ಜಾಗದಲ್ಲೇ ಏಳುತ್ತದೆ ಅನ್ನುವುದು ಬೇರೆ ಮಾತು.

ಲಾಡಿಕಡ್ಡಿ, ಹುಬ್ಬಳ್ಳಿ

ನಾನು ಹೊಲಿಗೆ ಕೆಲಸದವಳು. ಲಂಗಕ್ಕೆ ಲಾಡಿ ಪೋಣಿಸುವ ಕಡ್ಡಿ ಇರುತ್ತದಲ್ಲ, ಉದ್ದ ಚಪ್ಪಟೆ, ತುದಿಯಲ್ಲಿ ಕಣ್ಣು. ಮಧ್ಯಮ ಗಾತ್ರದ ಗೊಂಬೆಗೆ, ಅಂದರೆ 40-45 ಸೆಂ.ಮೀ. ಇರುವ ಎಂಎಸ್‌ಡಿಗೆ, ನಾನು ಅದನ್ನೇ ಬಳಸುತ್ತೇನೆ. ಪ್ಲಾಸ್ಟಿಕ್ಕಿನದು ಸಿಗುತ್ತದೆ. ರೆಸಿನ್‌ಗೆ ಗೀರೂ ಬೀಳುವುದಿಲ್ಲ, ಬೆಲೆಯೂ ಏನಿಲ್ಲ.

ಎಳೆಯುವುದಕ್ಕೆ ಸ್ಯಾಟಿನ್ ರಿಬ್ಬನ್. ಅರ್ಧ ಇಂಚು ಅಗಲದ್ದು. ಎಲಾಸ್ಟಿಕ್ ಕುಣಿಕೆಯ ಒಳಗೆ ರಿಬ್ಬನ್ ತೂರಿಸಿ, ಎರಡೂ ತುದಿ ಸೇರಿಸಿ ಕಾಲಿನೊಳಗಿಂದ ಹೊರಗೆ ತೆಗೆಯಿರಿ. ಈಗ ರಿಬ್ಬನ್ ಎಳೆದರೆ ಕುಣಿಕೆ ಕಣಕಾಲಿನಿಂದ ಹೊರಗೆ ಬರುತ್ತದೆ. ಪಾದದ ಎಸ್ ಕೊಕ್ಕೆ ಸಿಕ್ಕಿಸಿದ ಮೇಲೆ ರಿಬ್ಬನ್ನಿನ ಒಂದು ತುದಿ ಬಿಟ್ಟು ಇನ್ನೊಂದನ್ನು ಎಳೆದುಬಿಡಿ. ಅದರ ಪಾಡಿಗೆ ಅದು ಜಾರಿ ಬರುತ್ತದೆ. ನೈಲಾನ್ ದಾರಕ್ಕಿಂತ ರಿಬ್ಬನ್ ವಾಸಿ. ದಾರ ಬೆರಳು ಕೊಯ್ಯುತ್ತದೆ.

ಸ್ಪೋಕ್, ಧಾರವಾಡ

ಸೈಕಲ್ ಸ್ಪೋಕ್ ತಗೊಳ್ಳಿ, ಮುಗಿಯಿತು. 2 ಮಿ.ಮೀ. ದಪ್ಪ, ಬಗ್ಗುವುದಿಲ್ಲ, ಉದ್ದ ಬೇಕಾದಷ್ಟು. ತುದಿಯನ್ನು ಇಕ್ಕಳದಲ್ಲಿ ಬಗ್ಗಿಸಿ ಕೊಕ್ಕೆ ಮಾಡಿ. ಇನ್ನೊಂದು ತುದಿಗೆ ಮರದ ಹಿಡಿ. ಅಂಗಡಿಯ ಕಿಟ್‌ನಲ್ಲಿ ಬರುವುದೂ ಇದೇ, ಬಣ್ಣ ಬಳಿದಿರುತ್ತಾರೆ ಅಷ್ಟೇ.

ಎಳೆದುಕಟ್ಟು, ಮೈಸೂರು

ಸ್ಪೋಕ್ ಗಟ್ಟಿ ಅನ್ನುವುದು ಒಪ್ಪಿದೆ. ತೊಂದರೆಯೂ ಅದೇ. ಕೈ ಜಾರಿದರೆ ಆ ಕೊಕ್ಕೆ ನೇರ ಕಣಕಾಲಿನ ಅಂಚಿಗೆ ಬಡಿಯುತ್ತದೆ. ಬಳಸುವುದಾದರೆ ಇಡೀ ಉದ್ದಕ್ಕೆ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ಹಾಕಿ ಬಿಸಿ ಮಾಡಿ ಕೂರಿಸಿ. ಬೆಂಗಳೂರಿನ ಎಸ್‌ಪಿ ರೋಡ್‌ನ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುತ್ತದೆ. ಬಗ್ಗಿಸಿದ ತುದಿಯನ್ನು ಅರದಿಂದ ಉಜ್ಜಿ ದುಂಡಗೆ ಮಾಡಲೇಬೇಕು. ಚೂಪು ಇದ್ದರೆ ಎಲಾಸ್ಟಿಕ್ ಮೇಲಿನ ನೂಲಿನ ಕವಚ ಹರಿಯುತ್ತದೆ. ಕವಚ ಹರಿದರೆ ಒಳಗಿನ ರಬ್ಬರ್ ಎಳೆಗಳು ಹೊರಗೆ ಬಂದು ಒಂದೊಂದೇ ತುಂಡಾಗುತ್ತವೆ.

ಸ್ಪೋಕ್, ಧಾರವಾಡ

ಅಷ್ಟೆಲ್ಲ ಮಾಡುವುದಾದರೆ ರಿಬ್ಬನ್ನೇ ಒಳ್ಳೆಯದು ಬಿಡಿ 😄

ಆದರೆ ಮುಂಡದೊಳಗೆ ಬಿದ್ದುಹೋದ ಎಲಾಸ್ಟಿಕ್ ಹುಡುಕಿ ತೆಗೆಯಲು ರಿಬ್ಬನ್ನಿನಿಂದ ಆಗುವುದಿಲ್ಲ. ಅಲ್ಲಿ ಕೊಕ್ಕೆಯೇ ಬೇಕು. ಇದನ್ನು ಯಾರೂ ಅಲ್ಲಗಳೆಯಲಾರರು.

ಸ್ಟಾಫ್‌ರೂಮ್, ದಾವಣಗೆರೆ

ನಾನು ಆಪರೇಷನ್ ಥಿಯೇಟರ್‌ನಲ್ಲಿ ನರ್ಸ್. ಫೋರ್ಸೆಪ್ಸ್ ವಿಷಯ ನಾನು ಹೇಳುತ್ತೇನೆ. ಮೇಲೆ ಹೇಳಿದ ಮೂರನೆಯ ಕೈ ಇದೇ.

ಸರ್ಜಿಕಲ್ ಅಂಗಡಿಯಲ್ಲಿ ಆರ್ಟರಿ ಫೋರ್ಸೆಪ್ಸ್ ಎಂದು ಕೇಳಿ. ಬೆಂಗಳೂರಿನವರಾದರೆ ವಿಕ್ಟೋರಿಯಾ ಆಸ್ಪತ್ರೆ ಸುತ್ತಮುತ್ತ ಇಂಥ ಅಂಗಡಿಗಳಿವೆ. ಹಿಡಿಯ ಹತ್ತಿರ ಹಲ್ಲುಗಳಿರುತ್ತವೆ, ಒತ್ತಿದರೆ ಲಾಕ್ ಆಗುತ್ತದೆ, ಕೈ ಬಿಟ್ಟರೂ ಹಿಡಿತ ಬಿಡುವುದಿಲ್ಲ. ಗಾತ್ರ ನೋಡಿ ಕೊಳ್ಳಿ. ಮಸ್ಕಿಟೋ ಎನ್ನುವುದು 12.5 ಸೆಂ.ಮೀ., ಮೂತಿ ಸಣ್ಣ. ಪುಟಾಣಿ ಗೊಂಬೆಗೆ ಸರಿ. ದಪ್ಪ ಎಲಾಸ್ಟಿಕ್ ಹಿಡಿದು ಜೋರಾಗಿ ಎಳೆದರೆ ಮೂತಿ ತಿರುಚಿಕೊಳ್ಳುತ್ತದೆ. ಕೆಲ್ಲಿ ಎನ್ನುವುದು 14 ಸೆಂ.ಮೀ. ದೊಡ್ಡ ಗೊಂಬೆಗೆ ಅದು ಅಥವಾ ಅದಕ್ಕಿಂತ ಉದ್ದದ್ದು, 18-20 ಸೆಂ.ಮೀ. ಇದ್ದರೆ ಆರಾಮ. ತೊಡೆಯ ಒಳಗೆ ಕೈ ಹಾಕಬೇಕಲ್ಲ.

ಕೆಲ್ಲಿ ಮತ್ತು ಕ್ರೈಲ್ ನೋಡಲು ಒಂದೇ ಥರ. ಕೆಲ್ಲಿಯಲ್ಲಿ ಮೂತಿಯ ಮುಂದಿನ ಅರ್ಧಕ್ಕೆ ಮಾತ್ರ ಗೀರು ಹಲ್ಲು, ಕ್ರೈಲ್‌ನಲ್ಲಿ ಪೂರ್ತಿ ಉದ್ದಕ್ಕೂ. ಗೊಂಬೆ ಕೆಲಸಕ್ಕೆ ಯಾವುದಾದರೂ ನಡೆಯುತ್ತದೆ. ನೇರ ಮೂತಿಯೋ ಬಾಗಿದ ಮೂತಿಯೋ ಎಂದು ಕೇಳಿದರೆ ಮೊದಲನೆಯದಾಗಿ ನೇರದ್ದು ಕೊಳ್ಳಿ. ಕೈಕಾಲಿನ ಕೊಳವೆ ನೇರವಾಗಿಯೇ ಇರುತ್ತದೆ. ಬಾಗಿದ್ದು ತಲೆಯೊಳಗಿನ ಕೊಕ್ಕೆ ತಿರುಗಿಸಲು ಚೆನ್ನಾಗಿದೆ.

ಕೊಳ್ಳುವಾಗ ಬೆಳಕಿಗೆ ಹಿಡಿದು ಮುಚ್ಚಿ ನೋಡಿ. ತುದಿಗಳು ಮೊದಲು ಕೂಡಬೇಕು. ಲಾಕ್ ಹಾಕಿ, ಹಿಡಿಯನ್ನು ಅಂಗೈಗೆ ಮೆಲ್ಲಗೆ ಬಡಿಯಿರಿ. ತಾನಾಗಿ ಬಿಚ್ಚಿಕೊಂಡರೆ ವಾಪಸ್ ಕೊಡಿ.

ಒಂದೇ ಒಂದು ಎಚ್ಚರಿಕೆ. ಆಸ್ಪತ್ರೆಯಲ್ಲಿ ಬಳಸಿ ಬಿಸಾಡಿದ್ದನ್ನು ಯಾರಾದರೂ ಕೊಟ್ಟರೆ ತಗೊಳ್ಳಬೇಡಿ. ಹೊಸದು ಕೆಲವೇ ನೂರು ರೂಪಾಯಿ.

ಗಾಜುಕಣ್ಣು, ಬೆಂಗಳೂರು

ತುಂಬಾ ಉಪಯೋಗವಾಯಿತು. ಆದರೆ ಆ ಹಲ್ಲು ಎಲಾಸ್ಟಿಕ್ ಕಚ್ಚಿ ಹಾಳು ಮಾಡುವುದಿಲ್ಲವಾ? ಮೂತಿಯೂ ಉಕ್ಕೇ. ರೆಸಿನ್‌ಗೆ ತಾಗುತ್ತದೆ ಅಲ್ವಾ?

ಸ್ಟಾಫ್‌ರೂಮ್, ದಾವಣಗೆರೆ

ಎರಡೂ ಆಗುತ್ತದೆ. ಅದಕ್ಕೆ ಮೂತಿಗೆ ರಬ್ಬರ್ ಟ್ಯೂಬ್ ಹಾಕಿ. ಹಳೆಯ ಸೈಕಲ್ ವಾಲ್ವ್‌ಗೆ ಹಾಕುವ ತೆಳ್ಳನೆ ರಬ್ಬರ್ ಟ್ಯೂಬ್ ಮಸ್ಕಿಟೋ ಮೂತಿಗೆ ಸರಿಹೋಗುತ್ತದೆ. ದೊಡ್ಡದಕ್ಕೆ ಇನ್ನೂ ಅಗಲದ ಟ್ಯೂಬ್ ನೋಡಿ.

ಎಳೆದುಕಟ್ಟು, ಮೈಸೂರು

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಫೋರ್ಸೆಪ್ಸನ್ನು ಕಣಕಾಲಿನ ತೂತಿಗೆ ಅಡ್ಡ ಒರಗಿಸಿ ನಿಲ್ಲಿಸುವವರಿದ್ದಾರೆ. ಪೂರ್ತಿ ಎಳೆತ ಆ ಎರಡು ಬಿಂದುಗಳ ಮೇಲೆ ಬೀಳುತ್ತದೆ. ಹಾಗೆ ಮಾಡಬೇಡಿ. ಕುಣಿಕೆ ಹೊರಬಂದ ಕೂಡಲೇ ಅದರೊಳಗೆ ಒಂದು ಪೆನ್ಸಿಲ್ ಅಥವಾ ಬಿದಿರಿನ ಚಾಪ್‌ಸ್ಟಿಕ್ ಅಡ್ಡ ತೂರಿಸಿ. ಎಲಾಸ್ಟಿಕ್ ಒಳಗೆ ಹೋಗುವುದಿಲ್ಲ, ಭಾರ ಮರದ ಮೇಲೆ ನಿಲ್ಲುತ್ತದೆ. ಆಮೇಲೆ ನಿಧಾನವಾಗಿ ಪಾದದ ಕೊಕ್ಕೆ ಸಿಕ್ಕಿಸಿ, ಚಾಪ್‌ಸ್ಟಿಕ್ ಎಳೆದುಕೊಳ್ಳಿ. ನನ್ನ ಕೇಳಿದರೆ ಇಡೀ ಪಟ್ಟಿಯಲ್ಲಿ ಅತಿ ಮುಖ್ಯ ಸಲಕರಣೆ ಆ ಚಾಪ್‌ಸ್ಟಿಕ್ಕೇ. ಎರಡು ಇಟ್ಟುಕೊಳ್ಳಿ, ಒಂದೊಂದು ಕಾಲಿಗೆ ಒಂದು.

ಬರೀಓದುವವ

ಚಾಪ್‌ಸ್ಟಿಕ್ ಹೋಟೆಲಿನವರು ಸುಮ್ನೆ ಕೊಡುತ್ತಾರೆ. ಕಿಟ್ ಮಾರುವವರು ಇದನ್ನು ಓದದಿರಲಿ.

ಕರಾವಳಿ, ಮಂಗಳೂರು

ಎಲ್ಲರೂ ಎಳೆಯುವುದರ ಬಗ್ಗೆ ಹೇಳುತ್ತಿದ್ದೀರಿ. ಒಳಗೆ ಉಳಿಯುವ ಕೊಕ್ಕೆಯ ಬಗ್ಗೆ ಒಬ್ಬರೂ ಹೇಳಲಿಲ್ಲ. ಎಲಾಸ್ಟಿಕ್ ಹೇಗೂ ಬಿಚ್ಚಿದ್ದೀರಲ್ಲ, ಎಸ್ ಕೊಕ್ಕೆಗಳನ್ನೂ ನೋಡಿ. ಹಳೆಯ ಗೊಂಬೆಗಳಲ್ಲಿ ಬರೀ ಕಬ್ಬಿಣದ್ದು ಇರುವುದುಂಟು. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಅದು ತುಕ್ಕು ಹಿಡಿದು, ಕಂದು ಕಲೆ ರೆಸಿನ್‌ಗೆ ಇಳಿಯುತ್ತದೆ. ಉಜ್ಜಿದರೂ ಪೂರ್ತಿ ಹೋಗುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಕೊಕ್ಕೆ ಹಾಕಿ, 304 ದರ್ಜೆ ಸಾಕು.

ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಟೇನ್‌ಲೆಸ್ ತಂತಿ ತಂದು ನೀವೇ ಬಗ್ಗಿಸಬಹುದು. ದೊಡ್ಡ ಗೊಂಬೆಗೆ 2.5ರಿಂದ 3 ಮಿ.ಮೀ. ಬೇಕು. ಅದನ್ನು ಬಗ್ಗಿಸಲು ಕೈಯ ಶಕ್ತಿ ಸಾಲದು, ವೈಸ್ (ಮೇಜಿಗೆ ಕೂರಿಸಿ ಬಿಗಿಹಿಡಿಯುವ ಸಲಕರಣೆ) ಬೇಕಾಗುತ್ತದೆ. ತೆಳ್ಳಗಿನ ತಂತಿಯಲ್ಲಿ ಮಾಡಿದರೆ ಎಲಾಸ್ಟಿಕ್ ಎಳೆತಕ್ಕೆ ಎಸ್ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಒಂದು ದಿನ ಪಾದ ಕಳಚಿ ನೆಲಕ್ಕೆ ಬೀಳುತ್ತದೆ, ಇನ್ನೇನು ಹೇಳುವುದು.

ಕನ್ನಡಕ ಹಾಕಿಕೊಳ್ಳಿ ಅನ್ನುವುದನ್ನೂ ಹೇಳಿಬಿಡುತ್ತೇನೆ. ಎಳೆದ ಕೊಕ್ಕೆ ತಪ್ಪಿಸಿಕೊಂಡರೆ ಕಣ್ಣಿಗೆ ನುಗ್ಗುವ ವೇಗ ಇರುತ್ತದೆ. ಮೇಜಿನ ಮೇಲೆ ದಪ್ಪ ಟವಲ್ ಹಾಸಿ. ಗೊಂಬೆಯ ತಲೆ ಬಿದ್ದರೆ ಮೊದಲು ಹೋಗುವುದು ಮೂಗು.

ಗಾಜುಕಣ್ಣು, ಬೆಂಗಳೂರು

ಪುಟಾಣಿಯ ಕಥೆ ಏನು? 1.5 ಮಿ.ಮೀ. ಎಲಾಸ್ಟಿಕ್ ಹೋಗುವ ತೂತಿನಲ್ಲಿ ಲಾಡಿ ಕಡ್ಡಿಯೂ ಹಿಡಿಸುವುದಿಲ್ಲ, ಫೋರ್ಸೆಪ್ಸೂ ಇಲ್ಲ.

ಲಾಡಿಕಡ್ಡಿ, ಹುಬ್ಬಳ್ಳಿ

ಅಲ್ಲಿ ಕ್ರೋಶೆ ಕಡ್ಡಿಗೆ ಜಾಗ ಇದೆ. 1 ಮಿ.ಮೀ. ಸುತ್ತಮುತ್ತಲಿನ ಉಕ್ಕಿನ ಕಡ್ಡಿ. ಆದರೆ ತುದಿಯ ಕೊಕ್ಕೆ ಎಲಾಸ್ಟಿಕ್ಕಿನ ನೂಲಿಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಪಾದದ ಕೊಕ್ಕೆ ಹಿಡಿಯಲು ಮಾತ್ರ ಅದನ್ನು ಬಳಸಿ. ಪೋಣಿಸಲು ಡೆಂಟಲ್ ಫ್ಲಾಸ್. ಮೇಣ ಹಚ್ಚಿದ್ದು. ಎರಡು ಮಡಿಕೆ ಮಾಡಿದರೆ ಸಣ್ಣ ಕುಣಿಕೆಯಾಗುತ್ತದೆ, ಎಂಥ ತೂತಿನಲ್ಲೂ ನುಸುಳುತ್ತದೆ, ಸಾಕಷ್ಟು ಗಟ್ಟಿಯೂ ಹೌದು.

ತಂತಿವಾದ್ಯ, ಶಿವಮೊಗ್ಗ

ಗಿಟಾರಿನ ತೆಳ್ಳನೆಯ ಉಕ್ಕಿನ ತಂತಿ ಇನ್ನೂ ಸುಲಭ. ಮಡಚಿ ಕುಣಿಕೆ ಮಾಡಿದರೆ ಸ್ಪ್ರಿಂಗ್ ಹಾಗೆ ತಾನಾಗಿ ಅಗಲವಾಗಿ ನಿಲ್ಲುತ್ತದೆ, ಮೆತ್ತಗಿನ ಫ್ಲಾಸ್ ನಿಲ್ಲುವುದಿಲ್ಲ. ಹಳೆಯ ತಂತಿ ಯಾರ ಹತ್ತಿರವಾದರೂ ಇರುತ್ತದೆ.

ಎಳೆದುಕಟ್ಟು, ಮೈಸೂರು

ಪೋಣಿಸಲು ಹೌದು, ಎಳೆಯಲು ಬೇಡ. ತೆಳ್ಳನೆ ಉಕ್ಕಿನ ತಂತಿಯನ್ನು ಕೀಲಿನ ಸೀಳಿನ ಮೇಲೆ ಜೋರಾಗಿ ಎಳೆದರೆ ಗರಗಸದ ಹಾಗೆ ರೆಸಿನ್ ಕೊಯ್ಯುತ್ತದೆ. ತಂತಿಯಿಂದ ಫ್ಲಾಸ್ ಅಥವಾ ರಿಬ್ಬನ್ ಒಳಗೆ ಕಳಿಸಿ, ಆಮೇಲೆ ಎಳೆತವೆಲ್ಲ ಅದರಿಂದ.

ತುರಿಂಗಿಯಾ, ಜರ್ಮನಿ

ಸ್ವಲ್ಪ ಬೇರೆ ದಿಕ್ಕಿನ ಮಾತು. ನಾನಿರುವ ಕಡೆ ಹಳೆಯ ಗೊಂಬೆಗಳ ಊರು ಜಾಸ್ತಿ. ವಾಲ್ಟರ್ಸ್‌ಹೌಸೆನ್‌ನಲ್ಲಿ ಕೆಸ್ಟ್ನರ್ ಕಂಪನಿ ಇತ್ತು. ಜೋನೆಬರ್ಗ್ ಪಕ್ಕದ ಕೋಪೆಲ್ಸ್‌ಡಾರ್ಫ್‌ನಲ್ಲಿ ಆರ್ಮಾಂಡ್ ಮಾರ್ಸೇ ಇತ್ತು. ಜೋನೆಬರ್ಗ್‌ನ ಆಟಿಕೆ ಮ್ಯೂಸಿಯಂ 1901ರಿಂದ ಇದೆ. ಈ ಬಿಸ್ಕ್ (ಹೊಳಪಿಲ್ಲದ ಪಿಂಗಾಣಿ) ತಲೆಯ ಗೊಂಬೆಗಳಿಗೂ ಗುಂಡು ಕೀಲು, ಒಳಗೆ ಎಲಾಸ್ಟಿಕ್. ಮೈ ಮಾತ್ರ ಕಾಗದದ ತಿರುಳು ಮತ್ತು ಮರದ ಹುಡಿಯಂಥ ಸಾಮಗ್ರಿಯಿಂದ ಮಾಡಿದ್ದು.

ಅಜ್ಜಿಯ ಕಾಲದ ಅಂಥ ಗೊಂಬೆ ಯಾರ ಮನೆಯಲ್ಲಾದರೂ ಇದ್ದರೆ ಮೇಲಿನ ಸಲಹೆಗಳನ್ನು ಹಾಗೆಯೇ ಅನ್ವಯಿಸಬೇಡಿ. ರೆಸಿನ್ ಗೊಂಬೆಗೆ ಹಾಕುವಷ್ಟು ಬಿಗಿ ಹಾಕಿದರೆ ಬಿಸ್ಕ್ ಕುತ್ತಿಗೆ ಬಿರುಕು ಬಿಡುತ್ತದೆ. ಅಲ್ಲಿ ತಲೆ ಅಲುಗಾಡದೆ ಕೂತರೆ ಸಾಕು, ಗೊಂಬೆ ತಾನಾಗಿ ನಿಲ್ಲಬೇಕಿಲ್ಲ. ಕುತ್ತಿಗೆ ಕೂರುವ ಗುಳಿಗೆ ತೆಳ್ಳನೆ ಮೆತ್ತನೆಯ ಚರ್ಮ ಅಂಟಿಸಿ. ಲೋಹದ ಫೋರ್ಸೆಪ್ಸ್ ತಲೆಯ ಹತ್ತಿರ ತರಲೇಬೇಡಿ. ರಿಬ್ಬನ್ ಮತ್ತು ಚಾಪ್‌ಸ್ಟಿಕ್ ಮಾತ್ರ.

ಬರೀಓದುವವ

ಇಂದಿನ ರೆಸಿನ್ ಗೊಂಬೆಗೂ ಆ ಹಳೆಯ ಜರ್ಮನ್ ಗೊಂಬೆಗೂ ಸಂಬಂಧ ಇದೆಯಾ?

ತುರಿಂಗಿಯಾ, ಜರ್ಮನಿ

ಸುತ್ತು ದಾರಿಯಲ್ಲಿ ಇದೆ. 1930ರ ದಶಕದಲ್ಲಿ ಹನ್ಸ್ ಬೆಲ್ಮರ್ ಎಂಬ ಕಲಾವಿದ ಗುಂಡು ಕೀಲಿನ ಗೊಂಬೆ ಮಾಡಿದ. ಬರ್ಲಿನ್ನಿನ ಕೈಸರ್ ಫ್ರೀಡ್ರಿಶ್ ಮ್ಯೂಸಿಯಂನಲ್ಲಿದ್ದ 16ನೇ ಶತಮಾನದ ಮರದ ಗೊಂಬೆಗಳನ್ನು ನೋಡಿ ಅವನಿಗೆ ಆ ಕೀಲು ಹೊಳೆಯಿತು. ಅವನ ಕೆಲಸ ಜಪಾನಿನ ಗೊಂಬೆ ಕಲಾವಿದರ ಮೇಲೆ, ಯೋತ್ಸುಯಾ ಸಿಮೋನ್ ಮುಂತಾದವರ ಮೇಲೆ, ಪ್ರಭಾವ ಬೀರಿತು. ಆಮೇಲೆ ಕ್ಯೋಟೋದ ವೋಕ್ಸ್ ಕಂಪನಿ 1999ರಲ್ಲಿ ಸೂಪರ್ ಡಾಲ್ಫಿ ತಂದಿತು. ಈಗ ನಾವು ಎಸ್‌ಡಿ ಗಾತ್ರ ಅನ್ನುವುದು ಅದರಿಂದಲೇ ಬಂದದ್ದು. ಅದೇ ಕಂಪನಿಯ ಡಾಲ್ಫಿ ಡ್ರೀಮ್ ಮಾತ್ರ ವಿನೈಲ್, ಒಳಗೆ ಪ್ಲಾಸ್ಟಿಕ್ ಅಸ್ಥಿಪಂಜರ. ಅದಕ್ಕೆ ಎಲಾಸ್ಟಿಕ್ಕೇ ಇಲ್ಲ, ಈ ತಲೆನೋವೂ ಇಲ್ಲ.

ಬಿಸಿಲೂರು, ರಾಯಚೂರು

ಎಲಾಸ್ಟಿಕ್ ಬಗ್ಗೆ ಒಂದು ಮಾತು, ಏಕೆಂದರೆ ಸಲಕರಣೆ ಎಷ್ಟೇ ಒಳ್ಳೆಯದಿದ್ದರೂ ಇದು ಕೆಟ್ಟರೆ ಎಲ್ಲ ಕೆಟ್ಟಂತೆ. ಮಾಸ್ಕ್ ಹೊಲಿಯಲು ಬರುವ ಗುಂಡನೆಯ ಎಲಾಸ್ಟಿಕ್ ಎಲ್ಲ ಅಂಗಡಿಯಲ್ಲೂ ಇದೆ, ಆದರೆ ಗೊಂಬೆಗೆ ಬಾರದು. ತೀರಾ ಮೆತ್ತಗೆ, ಬೇಗ ಸಡಿಲ ಬೀಳುತ್ತದೆ. ಯಾವ ಎಲಾಸ್ಟಿಕ್ ಕೊಂಡರೂ ಒಂದು ಗೇಣು ತುಂಡನ್ನು ಎರಡರಷ್ಟು ಉದ್ದಕ್ಕೆ ಎಳೆದು ರಾತ್ರಿಯಿಡೀ ಹಾಗೆಯೇ ಕಟ್ಟಿಡಿ. ಬೆಳಿಗ್ಗೆ ಬಿಟ್ಟಾಗ ಮೊದಲಿನ ಉದ್ದಕ್ಕೆ ಬಂದರೆ ಸರಿ.

ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ರಬ್ಬರ್ ಬಿಸಿಗೆ ಬೇಗ ಮುದಿಯಾಗುತ್ತದೆ, ರೆಸಿನ್ ಬಿಸಿಲಿಗೆ ಹಳದಿಯಾಗುತ್ತದೆ. ಕಬ್ಬಿಣದ ಬೀರುವಿನಲ್ಲಿ, ಕಿಟಕಿ ಪಕ್ಕ ಇಡಬೇಡಿ. ಬಹಳ ದಿನ ಎತ್ತಿಡುವುದಾದರೆ ಮಂಡಿ ಮಡಚಿ ಕೂರಿಸಿಡುವುದಕ್ಕಿಂತ ನೇರ ಮಲಗಿಸಿ.

ಗಾಜುಕಣ್ಣು, ಬೆಂಗಳೂರು

ಕೆಲಸ ಶುರು ಮಾಡಿದೆ. ಕೊಂಡದ್ದು 18 ಸೆಂ.ಮೀ. ನೇರ ಫೋರ್ಸೆಪ್ಸ್ ಮತ್ತು ಮಾಮೂಲ್‌ಪೇಟೆಯಿಂದ ರಿಬ್ಬನ್. ಉಳಿದದ್ದು ಮನೆಯದೇ. ಪುಟಾಣಿ ಫ್ಲಾಸ್‌ನಲ್ಲಿ ಸಲೀಸಾಗಿ ಮುಗಿಯಿತು. ದೊಡ್ಡದೂ ಮುಗಿದಿದೆ, ನಿಲ್ಲುತ್ತದೆ. ಆದರೆ ಎರಡು ತೊಂದರೆ. ಎಡಗಾಲು ಕೂರಿಸಿದ ಕೂಡಲೇ ಒದ್ದುಕೊಂಡು ನೆಟ್ಟಗಾಗುತ್ತದೆ, ಬಲಗಾಲು ಹಾಗಲ್ಲ. ಕೈ ಎತ್ತಿ ಹಿಡಿದರೆ ನಿಲ್ಲುವುದಿಲ್ಲ, ಇಳಿದುಬಿಡುತ್ತದೆ. ಕೈಯದನ್ನು ಇನ್ನೂ ಬಿಗಿ ಮಾಡಲಾ?

ಸ್ಪೋಕ್, ಧಾರವಾಡ

ಮಾಡಿ, ಬಿಗಿ ಇದ್ದಷ್ಟೂ ಗೊಂಬೆ ಚೆನ್ನಾಗಿ ನಿಲ್ಲುತ್ತದೆ.

ಎಳೆದುಕಟ್ಟು, ಮೈಸೂರು

ಬೇಡ, ಬೇಡ. ಬಿಗಿ ಮಾಡಿದರೆ ಕೈಯೂ ಒದೆಯಲು ಶುರುಮಾಡುತ್ತದೆ. ಎಲಾಸ್ಟಿಕ್ಕಿನ ಕೆಲಸ ಭಾಗಗಳನ್ನು ಕೂಡಿಸಿಟ್ಟುಕೊಳ್ಳುವುದು ಅಷ್ಟೇ. ಎತ್ತಿದ ಕೈ ಎತ್ತಿದ ಹಾಗೆ ನಿಲ್ಲಬೇಕಾದರೆ ಕೀಲಿನಲ್ಲಿ ತಿಕ್ಕಾಟ ಬೇಕು. ಭುಜದ ಗುಳಿಯೊಳಗೆ ತೆಳ್ಳನೆ ಸ್ವೀಡ್ (ಒಂದು ಮೈ ಒರಟಾದ) ಚರ್ಮದ ಬಿಲ್ಲೆ ಅಂಟಿಸಿ, ಮಧ್ಯೆ ಎಲಾಸ್ಟಿಕ್ ಹೋಗಲು ತೂತು ಕತ್ತರಿಸಿ. ಒರಟು ಮೈ ಹೊರಗೆ ಬರಲಿ. ಬಿಸಿ ಗ್ಲೂ ಗನ್ನಿನಿಂದ ತೆಳ್ಳನೆ ಪದರ ಹಾಕುವವರೂ ಇದ್ದಾರೆ. ತಣ್ಣಗಾದ ಮೇಲೆ ಬೇಡವೆಂದರೆ ಸುಲಿದು ತೆಗೆಯಬಹುದು. ಕೀಲನ್ನು ಸ್ಯಾಂಡ್‌ಪೇಪರ್ ಹಾಕಿ ಒರಟು ಮಾಡಲು ಹೋಗುವುದಾದರೆ ನೀರಿನಲ್ಲಿ ನೆನೆಸಿ ಉಜ್ಜಿ, ಮಾಸ್ಕ್ ಹಾಕಿ. ರೆಸಿನ್ ಹುಡಿ ಶ್ವಾಸಕೋಶಕ್ಕೆ ಕೆಟ್ಟದ್ದು.

ಎಡಗಾಲಿನದು ಬೇರೆ ಸಮಸ್ಯೆ ಅನ್ನಿಸುತ್ತದೆ. ಗಂಟು ಎಲ್ಲಿದೆ?

ಗಾಜುಕಣ್ಣು, ಬೆಂಗಳೂರು

ಎಡತೊಡೆಯೊಳಗೆ ಎಲ್ಲೋ.

ಎಳೆದುಕಟ್ಟು, ಮೈಸೂರು

ಅದೇ. ನಿಮ್ಮ ಗೊಂಬೆಯಲ್ಲಿ ಕುತ್ತಿಗೆ ಕೊಕ್ಕೆಯಿಂದ ಹೊರಟ ಒಂದೇ ಎಲಾಸ್ಟಿಕ್ ಎರಡೂ ಕಾಲಿಗೆ ಹೋಗಿ ಬರುತ್ತದೆ. ಗಂಟು ತೊಡೆಯ ಸೀಳಿನಲ್ಲಿ ಸಿಕ್ಕಿಕೊಂಡರೆ ಆ ಕಾಲಿನ ಎಳೆತ ಇನ್ನೊಂದು ಕಾಲಿಗೆ ಹಂಚಿಕೆಯಾಗುವುದಿಲ್ಲ. ಎಡಪಾದ ಬಿಚ್ಚಿ, ಚಾಪ್‌ಸ್ಟಿಕ್ ಅಡ್ಡ ಹಾಕಿ. ಆಮೇಲೆ ತಲೆ ತೆಗೆದು, ಫೋರ್ಸೆಪ್ಸ್‌ನಲ್ಲಿ ಎಲಾಸ್ಟಿಕ್ ಹಿಡಿದು ಗಂಟು ಮುಂಡದ ಪೊಳ್ಳಿಗೆ ಬರುವ ತನಕ ಜರುಗಿಸಿ. ಅಲ್ಲಿ ಜಾಗ ಇದೆ, ಏನಕ್ಕೂ ತಾಗುವುದಿಲ್ಲ. ಕೊಕ್ಕೆಯ ಮೇಲೆ ಎಲಾಸ್ಟಿಕ್ಕನ್ನು ಎರಡೂ ಕಡೆಗೆ ಒಂದೆರಡು ಸಲ ಜಾರಿಸಿ, ಎರಡೂ ಕಾಲಿನ ಎಳೆತ ಸಮ ಆಗುತ್ತದೆ. ಜೊತೆಗೆ ಟಾರ್ಚ್ ಹಿಡಿದು ಮಂಡಿಯೊಳಗೆ ನೋಡಿ, ಎರಡು ಎಳೆ ಒಂದರ ಮೇಲೊಂದು ಹೆಣೆದುಕೊಂಡಿದ್ದರೆ ಬಿಡಿಸಿ.

ಗಂಟಿಗೆ ಸೂಪರ್‌ಗ್ಲೂ ಹಾಕಿದ್ದೀರಾ?

ಗಾಜುಕಣ್ಣು, ಬೆಂಗಳೂರು

ಇಲ್ಲ. ಹಾಕಬೇಕಾ?

ಎಳೆದುಕಟ್ಟು, ಮೈಸೂರು

ಹಾಕಬೇಡಿ. ಅದು ಒಣಗಿದಾಗ ಎಲಾಸ್ಟಿಕ್ ಆ ಜಾಗದಲ್ಲಿ ಗಾಜಿನಷ್ಟು ಪೆಡಸಾಗಿ ಮುರಿಯುತ್ತದೆ. ಬಾಲ ಎರಡು ಇಂಚು ಬಿಟ್ಟಿಡಿ. ಹೊಸ ಎಲಾಸ್ಟಿಕ್ ಮೊದಲ ಕೆಲವು ದಿನ ಸ್ವಲ್ಪ ಹಿಗ್ಗಿಯೇ ಹಿಗ್ಗುತ್ತದೆ, ಆಗ ಇನ್ನೊಮ್ಮೆ ಎಳೆದು ಗಂಟು ಹಾಕಲು ಬೇಕಾಗುತ್ತದೆ.

ಗಾಜುಕಣ್ಣು, ಬೆಂಗಳೂರು

ಗಂಟು ಮುಂಡಕ್ಕೆ ತಂದೆ, ಎಡಗಾಲು ಒದೆಯುವುದು ನಿಂತಿತು. ಮಂಡಿಯಲ್ಲಿ ಎಳೆಗಳೂ ಹೆಣೆದುಕೊಂಡಿದ್ದವು. ಸ್ವೀಡ್ ಚೂರು ಎಲ್ಲಿ ಸಿಗುತ್ತದೆ? ಇಡೀ ಚರ್ಮ ಕೊಳ್ಳಬೇಕಾ?

ಲಾಡಿಕಡ್ಡಿ, ಹುಬ್ಬಳ್ಳಿ

ಬ್ಯಾಗ್ ಹೊಲಿಯುವವರ ಹತ್ತಿರ ಹೋಗಿ ಕತ್ತರಿಸಿ ಉಳಿದ ಚೂರು ಕೇಳಿ, ದುಡ್ಡು ತಗೊಳ್ಳುವುದಿಲ್ಲ. ತೆಳ್ಳಗಿರುವುದನ್ನೇ ಆರಿಸಿ. ದಪ್ಪ ಇದ್ದರೆ ಭುಜ ಗುಳಿಯಿಂದ ಹೊರಗೆ ಉಬ್ಬಿ ಕಾಣುತ್ತದೆ, ತೋಳಿಲ್ಲದ ರವಿಕೆ ಹಾಕಲು ಆಗುವುದಿಲ್ಲ.